ಬಂಪ್ ಸ್ಟಾರ್ಟ್ ಎಂಜಿನ್‌ಗೆ ಡ್ರಿಲ್ ಸ್ಟಾರ್ಟರ್ ಕೂರಿಸಬಹುದಾ? ಪಾಯಿಂಟ್ 21, 1/8 ಬಗ್ಗಿ

ಕೆಂಗೇರಿ ಬಗ್ಗಿ:
ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು 1/8 ನೈಟ್ರೋ ಬಗ್ಗಿ (ನಿಜವಾದ ಗಾಡಿಯ ಎಂಟನೇ ಒಂದು ಅಳತೆಯ, ನೈಟ್ರೋ ಫ್ಯೂಯಲ್‌ನಲ್ಲಿ ಓಡೋ ರಿಮೋಟ್ ಕಾರು) ತಗೊಂಡಿದ್ದೇನೆ. ಎಂಜಿನ್ ಪಾಯಿಂಟ್ 21, ಅಂದರೆ 0.21 ಘನ ಇಂಚು, ಸುಮಾರು 3.5 ಸಿಸಿ. ಚೆನ್ನಾಗಿದೆ, ಪಿಂಚ್ (ಪಿಸ್ಟನ್ ಮೇಲೆ ಬಂದಾಗ ಸ್ಲೀವ್ ಬಿಗಿಯಾಗಿ ಕಚ್ಚೋದು) ಗಟ್ಟಿಯಾಗಿದೆ. ತೊಂದರೆ ಏನಂದ್ರೆ ಅದು ಬಂಪ್ ಸ್ಟಾರ್ಟ್ ಎಂಜಿನ್, ಅಂದರೆ ಕೆಳಗಿನಿಂದ ಫ್ಲೈವೀಲ್ ತಿರುಗಿಸಿ ಹತ್ತಿಸೋದು. ಹಿಂದುಗಡೆ ಬ್ಯಾಕ್‌ಪ್ಲೇಟ್ ಪೂರ್ತಿ ಮುಚ್ಚಿದೆ, ಎಳೆಯೋ ಹಗ್ಗ ಇಲ್ಲ. ಹಾಗೆ ತಿರುಗಿಸೋ ಮೋಟರ್ ಇರೋ ಸ್ಟಾರ್ಟರ್ ಬಾಕ್ಸ್ ಮಾರಿದವರ ಹತ್ತಿರ ಇರಲಿಲ್ಲ.

ಬಾಕ್ಸ್ ತಗೊಳ್ಳಬಹುದು, ಆದರೆ ನಾನು ಗ್ರೌಂಡಿಗೆ ಹೋಗೋದು ಸ್ಕೂಟರ್‌ನಲ್ಲಿ. ಗಾಡಿ, ಫ್ಯೂಯಲ್, ರಿಮೋಟ್, ಟೂಲ್ಸ್ ಇಷ್ಟರ ಮೇಲೆ ಬ್ಯಾಟರಿ ಸಮೇತ ಬಾಕ್ಸ್ ಹೊರೋದು ಕಷ್ಟ. ನನ್ನ ಹತ್ತಿರ ಹಳೇ ಪಾಯಿಂಟ್ 18 ಎಂಜಿನ್‌ನಿಂದ ತೆಗೆದ ರೋಟೋ ಸ್ಟಾರ್ಟ್ ಬ್ಯಾಕ್‌ಪ್ಲೇಟ್ ಇದೆ. ಕಾರ್ಡ್‌ಲೆಸ್ ಡ್ರಿಲ್‌ಗೆ ಹೆಕ್ಸ್ ರಾಡ್ ಹಾಕಿ ತಿರುಗಿಸೋ ತರಹದ್ದು. ಇದನ್ನು ಪಾಯಿಂಟ್ 21 ಮೇಲೆ ಇಟ್ಟು ನೋಡಿದೆ. ನಾಲ್ಕು ಸ್ಕ್ರೂ ತೂತುಗಳು ಹೆಚ್ಚೂ ಕಡಿಮೆ ಒಂದೇ ಕಡೆ ಬರುತ್ತವೆ, ಒಂದು ಮಿ.ಮೀ. ಆಚೀಚೆ ಇದೆ ಅಷ್ಟೇ. ತೂತನ್ನು ಸ್ವಲ್ಪ ಉದ್ದಕ್ಕೆ ಫೈಲ್ ಮಾಡಿ ಕೂರಿಸಿದ್ರೆ ಆಗುತ್ತಾ? ಯಾರಾದರೂ ಮಾಡಿದ್ದೀರಾ?

ಬಂಪ್ ಬಾಕ್ಸ್:
ಆಗಲ್ಲ ಅಂತ ಹೇಳಲ್ಲ, ಆದರೆ ಬೇಡ ಅಂತ ಹೇಳ್ತೀನಿ. ಬಂಪ್ ಎಂಜಿನ್ ಇರೋದೇ ಹಾಗೆ ಓಡಲಿ ಅಂತ. ಹಿಂದೆ ಶಾಫ್ಟ್ ಇಲ್ಲ, ಒನ್ ವೇ ಬೇರಿಂಗ್ (ಒಂದೇ ದಿಕ್ಕಿಗೆ ಹಿಡಿಯೋ ಬೇರಿಂಗ್) ಇಲ್ಲ, ಲೀಕ್ ಆಗೋ ಜಾಗ ಕಡಿಮೆ, ತೂಕ ಕಡಿಮೆ. ರೇಸ್ ಮಾಡುವವರು ಬಂಪ್ ಬಿಟ್ಟು ಬೇರೆ ಮುಟ್ಟದೇ ಇರೋದಕ್ಕೆ ಕಾರಣ ಇದೇ. ಒಂದು ಬಾಕ್ಸ್ ತಗೊಳ್ಳಿ, ಇಲ್ಲ ಅಂದ್ರೆ ಎಸ್.ಪಿ. ರಸ್ತೆಯಲ್ಲಿ 775 ಮೋಟರ್ ತಗೊಂಡು, ಯುಪಿಎಸ್‌ನ 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ ಹಾಕಿ, ಮೇಲೊಂದು ರಬ್ಬರ್ ಚಕ್ರ ಕೂರಿಸಿ ನೀವೇ ಮಾಡ್ಕೊಳ್ಳಿ. ಚಾಸಿಸ್ ಕೆಳಗೆ ಫ್ಲೈವೀಲ್‌ಗೆ ಸೀಳು ಹೇಗೂ ಇರುತ್ತೆ.

ಕೆಂಗೇರಿ ಬಗ್ಗಿ:
ಸರ್, ಆ ಬ್ಯಾಟರಿಯೇ ಎರಡು ಕೆಜಿ ದಾಟುತ್ತದೆ. ಅದನ್ನೇ ತಪ್ಪಿಸೋಣ ಅಂತ ಕೇಳಿದ್ದು. ಡ್ರಿಲ್ ಆದರೆ ಬ್ಯಾಗಿನಲ್ಲಿ ಹೋಗುತ್ತದೆ.

ಲೇತ್ ಮೇಷ್ಟ್ರು:
ಕಾಮಾಕ್ಷಿಪಾಳ್ಯದಲ್ಲಿ ನಮ್ಮದು ಸಣ್ಣ ಲೇತ್ ಶಾಪ್. ಈ ಕೆಲಸ ಮಾಡಿ ಗೊತ್ತಿರೋದರಿಂದ ಬರೀತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ ಆಮೇಲೆ ಫೈಲ್ ಕೈಗೆ ತಗೊಳ್ಳಿ.

ಸ್ಕ್ರೂ ತೂತು ಕೊನೆಯ ವಿಷಯ. ಎಲ್ಲರೂ ಮೊದಲು ಅದನ್ನೇ ನೋಡ್ತಾರೆ, ಯಾಕಂದ್ರೆ ಕಣ್ಣಿಗೆ ಕಾಣೋದು ಅದು. ನಿಜವಾದ ಪ್ರಶ್ನೆ ಒಳಗಿದೆ. ಸ್ಟಾರ್ಟರ್ ಶಾಫ್ಟ್ ಎಂಜಿನ್ ಅನ್ನು ತಿರುಗಿಸೋದು ಹೇಗೆ? ಶಾಫ್ಟ್‌ನ ತುದಿಯಲ್ಲಿ ಒಂದು ತಟ್ಟೆ ಇರುತ್ತೆ, ಅದರಲ್ಲಿ ಒಂದು ಸೀಳು ಅಥವಾ ತೂತು. ಕ್ರ್ಯಾಂಕ್ ಪಿನ್‌ನ ತುದಿ ಅದರೊಳಗೆ ಕೂರುತ್ತೆ. ತಟ್ಟೆ ತಿರುಗಿದರೆ ಪಿನ್ ತಿರುಗುತ್ತೆ. ಅಂದರೆ ಪಿಸ್ಟನ್ ಅನ್ನು ಕ್ರ್ಯಾಂಕ್‌ಗೆ ಜೋಡಿಸೋ ಕನೆಕ್ಟಿಂಗ್ ರಾಡ್‌ನ ಕೆಳಗಿನ ಕಣ್ಣು ದಾಟಿ ಪಿನ್ ಇನ್ನೂ ಸ್ವಲ್ಪ ಹಿಂದಕ್ಕೆ ಚಾಚಿರಬೇಕು. ಪುಲ್ ಸ್ಟಾರ್ಟ್ ಎಂಜಿನ್‌ನ ಕ್ರ್ಯಾಂಕ್‌ನಲ್ಲಿ ಅದು ಇರುತ್ತೆ. ಬಂಪ್ ಎಂಜಿನ್‌ನಲ್ಲಿ ಅದರ ಅಗತ್ಯ ಇಲ್ಲ, ಹಾಗಾಗಿ ಎಷ್ಟೋ ಎಂಜಿನ್‌ಗಳಲ್ಲಿ ಪಿನ್ ರಾಡ್‌ನ ಮಟ್ಟಕ್ಕೇ ಮುಗಿದುಬಿಡುತ್ತೆ. ಹಿಡಿಯೋಕೆ ಏನೂ ಸಿಗಲ್ಲ.

ಎರಡನೇದು, ಬ್ಯಾಕ್‌ಪ್ಲೇಟ್‌ನ ಒಳಗೆ ಹೋಗುವ ದುಂಡು ಭಾಗದ ವ್ಯಾಸ. ಪಾಯಿಂಟ್ 18 ಕೇಸ್‌ನ ಬಾಯಿ ಪಾಯಿಂಟ್ 21ಕ್ಕಿಂತ ಚಿಕ್ಕದು. ನಿಮ್ಮ ಹಳೇ ಪ್ಲೇಟ್ ಸ್ಕ್ರೂ ಹಾಕಿದರೆ ನಿಲ್ಲಬಹುದು, ಆದರೆ ಸುತ್ತ ಸಡಿಲ ಇರುತ್ತೆ. ಓ ರಿಂಗ್ (ಲೀಕ್ ತಡೆಯೋ ರಬ್ಬರ್ ಉಂಗುರ) ಹಿಡಿಯಲ್ಲ, ಶಾಫ್ಟ್ ಕೂಡ ಕ್ರ್ಯಾಂಕ್‌ನ ನೇರಕ್ಕೆ ಬರಲ್ಲ. ಟೂ ಸ್ಟ್ರೋಕ್ ಎಂಜಿನ್‌ಗೆ ಕ್ರ್ಯಾಂಕ್ ಕೇಸೇ ಪಂಪ್, ಅಲ್ವಾ? ಅಲ್ಲಿ ಗಾಳಿ ಒಳಗೆ ಸೇರಿದರೆ ಮಿಕ್ಸ್ಚರ್ ಲೀನ್ ಆಗುತ್ತೆ, ಅಂದರೆ ಗಾಳಿಗೆ ಫ್ಯೂಯಲ್ ಸಾಲಲ್ಲ, ಐಡಲ್ ಏರುತ್ತೆ ಇಳಿಯುತ್ತೆ, ಎಂಜಿನ್ ಸುಡುತ್ತೆ. ನೀವು ನೀಡಲ್ (ಕಾರ್ಬ್ಯುರೇಟರ್‌ನ ಫ್ಯೂಯಲ್ ಹೊಂದಿಸೋ ಸ್ಕ್ರೂ) ತಿರುಗಿಸ್ತಾನೇ ಇರ್ತೀರಿ, ಸರಿ ಆಗಲ್ಲ.

ಮೂರನೇದು, ತಟ್ಟೆಯ ಸೀಳು ಎಷ್ಟು ದೂರದಲ್ಲಿದೆ ಅನ್ನೋದು. ಕ್ರ್ಯಾಂಕ್ ಪಿನ್ ನಡುವಿನಿಂದ ಇರುವ ದೂರ ಅಂದರೆ ಸ್ಟ್ರೋಕ್‌ನ ಅರ್ಧ. ಎರಡು ಎಂಜಿನ್‌ಗಳ ಸ್ಟ್ರೋಕ್ ಬೇರೆ. ಸೀಳು ಉದ್ದಕ್ಕಿದ್ದರೆ ಹೊಂದಿಕೊಳ್ಳುತ್ತೆ, ಗುಂಡು ತೂತಾಗಿದ್ದರೆ ಹೊಂದಲ್ಲ.

ಮೊದಲು ಒಂದು ಕೆಲಸ ಮಾಡಿ. ಈಗಿರೋ ಬ್ಯಾಕ್‌ಪ್ಲೇಟ್ ಬಿಚ್ಚಿ, ಪಿನ್ ತುದಿ ರಾಡ್‌ನಿಂದ ಎಷ್ಟು ಹೊರಗಿದೆ ಅಂತ ವರ್ನಿಯರ್‌ನ ಡೆಪ್ತ್ ರಾಡ್‌ನಿಂದ ಅಳೆದು ಹೇಳಿ. ಕೇಸ್‌ನ ಹಿಂಬದಿ ಮುಖದಿಂದ ಪಿನ್ ತನಕ ಆಳ ಎಷ್ಟು ಅಂತಲೂ ಬೇಕು.

ಗ್ಲೋ ಪ್ಲಗ್ 77:
ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಬ್ಯಾಕ್‌ಪ್ಲೇಟ್ ಬಿಚ್ಚುವಾಗ ಯಾವ ಕಡೆ ಮೇಲಿತ್ತು ಅಂತ ಮಾರ್ಕ್ ಮಾಡಿ. ಕೆಲವು ಎಂಜಿನ್‌ಗಳ ಪ್ಲೇಟ್ ಒಳಗೆ ಪಿಸ್ಟನ್ ಸ್ಕರ್ಟ್‌ಗೋ ಪೋರ್ಟ್‌ಗೋ ಜಾಗ ಬಿಡೋಕೆ ಒಂದು ಕಡೆ ಕೊರೆದಿರ್ತಾರೆ. ಹೊಸ ಪ್ಲೇಟಲ್ಲೂ ಆ ಕೊರೆತ ಬೇಕು.

ಕೆಂಗೇರಿ ಬಗ್ಗಿ:
ಅಳೆದೆ. ಪಿನ್ ರಾಡ್‌ನ ಮಟ್ಟಕ್ಕೇ ಇದೆ. ಬೆರಳು ಸವರಿದರೆ ಒಂದೇ ಸಮ. ಅಂದರೆ ಕೆಲಸ ಇಲ್ಲಿಗೇ ನಿಂತಿತಾ? ಇನ್ನೊಂದು ಯೋಚನೆ ಬಂತು. ಸ್ಟಾರ್ಟರ್ ತಟ್ಟೆಗೆ ಒಂದು ಗೂಟ ಕೂರಿಸಿ, ಅದು ರಾಡ್‌ನ ಕಣ್ಣನ್ನೇ ಪಕ್ಕದಿಂದ ತಳ್ಳಿದರೆ? ಅಥವಾ ಪಿನ್‌ಗೆ ತೂತು ಹೊಡೆದು ಒಂದು ಸಣ್ಣ ಸ್ಟಡ್ ಹಾಕಿದರೆ?

ಲೇತ್ ಮೇಷ್ಟ್ರು:
ಎರಡೂ ಬೇಡ. ಯಾಕೆ ಅಂತ ಹೇಳ್ತೀನಿ.

ರಾಡ್ ಅಲ್ಯೂಮಿನಿಯಂ, ಒಳಗೆ ಕಂಚಿನ ಬುಷ್. ಅದು ಪಿನ್ ಮೇಲೆ ನಿಂತು ಭಾರ ಹೊರೋಕೆ ಮಾಡಿದ್ದು, ಪಕ್ಕದಿಂದ ಗುದ್ದಿಸಿಕೊಳ್ಳೋಕೆ ಅಲ್ಲ. ಗೂಟ ಅದನ್ನು ತಳ್ಳಿದರೆ ಅಂಚು ನಜ್ಜಾಗುತ್ತೆ. ಅದರ ಚೂರು ಹಿಂದಿನ ಬೇರಿಂಗ್‌ಗೆ ಹೋಗುತ್ತೆ, ಸಿಲಿಂಡರ್‌ಗೂ ಹೋಗುತ್ತೆ. ಇನ್ನು ಎಂಜಿನ್ ಶುರುವಾದ ಮೇಲೆ ಆ ಗೂಟ ಒಳಗೇ ನಿಂತಿರುತ್ತೆ, ರಾಡ್ ಬಂದು ಹಿಂದಿನಿಂದ ಹೊಡೆಯುತ್ತೆ.

ಪಿನ್‌ಗೆ ತೂತು ಹೊಡೆಯೋದು ಅದಕ್ಕಿಂತ ಅಪಾಯ. ಪಿನ್ ಹಾರ್ಡ್ ಮಾಡಿರೋ ಉಕ್ಕು. ಈ ಎಂಜಿನ್ ನಿಮಿಷಕ್ಕೆ 30,000 ಸುತ್ತು ಹೊಡೆಯುತ್ತೆ. ಆ ವೇಗದಲ್ಲಿ ಸ್ಟಡ್ ಬಿಟ್ಟುಕೊಂಡರೆ ಕೇಸ್ ಸೀಳಿ ಹೊರಗೆ ಬರಬಹುದು. ವೆಲ್ಡಿಂಗ್ ಅಂತೂ ಕೇಳಲೇಬೇಡಿ, ಪಿನ್‌ನ ಹದ ಹೋಗುತ್ತೆ.

ಸರಿಯಾದ ದಾರಿ ಕ್ರ್ಯಾಂಕ್ ಬದಲಿಸೋದು. ಎಷ್ಟೋ ಕಂಪನಿಗಳು ಒಂದೇ ಎಂಜಿನ್ ಅನ್ನು ಬಂಪ್‌ಗೂ ಪುಲ್ ಸ್ಟಾರ್ಟ್‌ಗೂ ಮಾಡಿವೆ. ಕೇಸ್ ಒಂದೇ, ಸಿಲಿಂಡರ್ ಒಂದೇ, ಕ್ರ್ಯಾಂಕ್ ಮತ್ತು ಹಿಂದಿನ ಭಾಗ ಮಾತ್ರ ಬೇರೆ. ನಿಮ್ಮ ಎಂಜಿನ್‌ಗೆ ಪುಲ್ ಸ್ಟಾರ್ಟ್ ಕ್ರ್ಯಾಂಕ್ ಸಿಗುತ್ತಾ ಹುಡುಕಿ. ಸಿಕ್ಕಿದರೆ ಮೂರು ವಿಷಯ ಹೋಲಿಸಿ ನೋಡಿ: ಮುಂದಿನ ತುದಿಯ ಥ್ರೆಡ್ ಮತ್ತು ಉದ್ದ, ಗಾಳಿ ಒಳಗೆ ಬರೋ ಕಿಟಕಿಯ ಜಾಗ, ಬೇರಿಂಗ್ ಕೂರೋ ವ್ಯಾಸ. ಮುಂದಿನ ತುದಿ ಬೇರೆ ಆದರೆ ನಿಮ್ಮ ಫ್ಲೈವೀಲ್ ಮತ್ತು ಕ್ಲಚ್ ಕೂರಲ್ಲ.

ಬಂಪ್ ಬಾಕ್ಸ್:
ನೋಡಿ, ಕ್ರ್ಯಾಂಕ್, ಪ್ಲೇಟ್, ಲೇತ್ ಕೂಲಿ. ಇಷ್ಟು ದುಡ್ಡಿಗೆ ಬಾಕ್ಸ್ ಬರುತ್ತಿತ್ತು.

ನೈಟ್ರೋ ಅಕ್ಕ:
ಬರುತ್ತಿತ್ತು, ನಿಜ. ಆದರೆ ಅವರಿಗೆ ಬೇಕಾಗಿರೋದು ಹೊತ್ತುಕೊಂಡು ಹೋಗೋ ಅನುಕೂಲ. ನಾನೂ ಮನೆಯಿಂದ ಬಸ್ಸಿನಲ್ಲಿ ಗಾಡಿ ತಗೊಂಡು ಹೋಗೋಳು, ಡ್ರಿಲ್ ಸ್ಟಾರ್ಟ್ ಇಲ್ಲದಿದ್ದರೆ ಈ ಹವ್ಯಾಸ ಯಾವಾಗಲೋ ಬಿಟ್ಟಿರ್ತಿದ್ದೆ. ಎಲ್ಲರ ಹತ್ತಿರ ಕಾರ್ ಡಿಕ್ಕಿ ಇರಲ್ಲ ಅಲ್ವಾ.

ಬಗ್ಗಿ ಅವರೇ, ಒನ್ ವೇ ಬೇರಿಂಗ್ ಬಗ್ಗೆ ಗಮನ ಕೊಡಿ. ಹಳೇ ಯೂನಿಟ್‌ನದು ಅಂತೀರಿ, ಅದು ಸವೆದಿರುತ್ತೆ. ಶಾಫ್ಟ್ ಒಂದು ದಿಕ್ಕಿಗೆ ಹಿಡಿಯಬೇಕು, ಇನ್ನೊಂದು ದಿಕ್ಕಿಗೆ ಸಲೀಸಾಗಿ ತಿರುಗಬೇಕು. ಹಿಡಿಯೋ ದಿಕ್ಕಲ್ಲಿ ಒಮ್ಮೊಮ್ಮೆ ಜಾರಿದರೆ ಪೆಟ್ರೋಲ್‌ನಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ, ತೆಳು ಎಣ್ಣೆ ಒಂದು ಹನಿ ಹಾಕಿ ನೋಡಿ. ಗ್ರೀಸ್ ತುಂಬಬೇಡಿ. ಗ್ರೀಸ್ ಗಟ್ಟಿಯಾದರೆ ಒಳಗಿನ ಸೂಜಿ ರೋಲರ್‌ಗಳು ಸಮಯಕ್ಕೆ ಜಾಗಕ್ಕೆ ಬರಲ್ಲ, ಜಾರುತ್ತೆ. ತೊಳೆದ ಮೇಲೂ ಜಾರಿದರೆ ಶಾಫ್ಟ್ ನೋಡಿ. ಉಗುರು ಸವರಿದಾಗ ಗೀರು ಸಿಕ್ಕರೆ ಶಾಫ್ಟ್ ಕೂಡ ಹೋಗಿದೆ. ಬೇರಿಂಗ್ ಮಾತ್ರ ಬದಲಿಸಿ ಉಪಯೋಗ ಇಲ್ಲ.

ಲೇತ್ ಮೇಷ್ಟ್ರು:
ಅಕ್ಕ ಹೇಳಿದ್ದು ಸರಿ. ಈ ಬೇರಿಂಗ್‌ಗೆ ಒಳಗಿನ ಉಂಗುರ (ರೇಸ್) ಇರಲ್ಲ, ರೋಲರ್‌ಗಳು ನೇರವಾಗಿ ಶಾಫ್ಟ್ ಮೇಲೇ ಕಚ್ಚುತ್ತವೆ. ಅದಕ್ಕೇ ಶಾಫ್ಟ್ ಹಾರ್ಡ್ ಇರಲೇಬೇಕು. ಯಾರಾದರೂ ಎಂ.ಎಸ್. (ಮೃದು ಉಕ್ಕಿನ) ರಾಡ್‌ನಲ್ಲಿ ಶಾಫ್ಟ್ ಮಾಡಿಕೊಡ್ತೀನಿ ಅಂದರೆ ಒಪ್ಪಬೇಡಿ, ಸ್ವಲ್ಪ ದಿನಕ್ಕೇ ಗುಳಿ ಬಿದ್ದು ಜಾರೋಕೆ ಶುರು ಆಗುತ್ತೆ. ಹೊಸದು ಮಾಡೋದಾದರೆ 6 ಮಿ.ಮೀ. ಡೋವೆಲ್ ಪಿನ್ ತಗೊಳ್ಳಿ. ಅದು ಹಾರ್ಡ್ ಮಾಡಿ ಗ್ರೈಂಡ್ ಮಾಡಿಯೇ ಬರುತ್ತೆ. ಅದಕ್ಕೆ ಹ್ಯಾಕ್ಸಾ ಹತ್ತಲ್ಲ, ಸೀಳು ಬೇಕಾದರೆ ಪೀಣ್ಯದಲ್ಲಿ ವೈರ್ ಕಟ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಬೇರಿಂಗ್ ಎಸ್.ಜೆ.ಪಿ. ರಸ್ತೆಯಲ್ಲಿ ಕೇಳಿ. ಎಚ್.ಎಫ್. 0612 ಅಂದರೆ ಒಳಗೆ 6, ಹೊರಗೆ 10, ಉದ್ದ 12 ಮಿ.ಮೀ. ಆದರೆ ನಿಮ್ಮ ಹಳೇದನ್ನು ಅಳೆದು ತಗೊಳ್ಳಿ, ನಂಬರ್ ನೋಡಿ ಅಲ್ಲ.

ಕೂರಿಸುವಾಗ ಸುತ್ತಿಗೆ ಬೇಡ. ಅದರ ಹೊರ ಕವಚ ತೆಳು ತಗಡು. ತೂತು ಎಷ್ಟು ದುಂಡಗಿದೆಯೋ ಅಷ್ಟೇ ಅದು ದುಂಡಗಾಗುತ್ತೆ. ಅಲ್ಯೂಮಿನಿಯಂ ಪ್ಲೇಟ್ ಆದ್ದರಿಂದ ಉಕ್ಕಿಗಿಂತ ಸ್ವಲ್ಪ ಬಿಗಿ ಫಿಟ್ ಬೇಕು. ವೈಸ್‌ನಲ್ಲಿ ನಿಧಾನವಾಗಿ ಒತ್ತಿ, ಅಕ್ಷರ ಇರೋ ಮುಖದ ಕಡೆಯಿಂದ. ಅದಕ್ಕೂ ಮೊದಲು ದಿಕ್ಕು ಎರಡು ಸಲ ನೋಡಿ. ಉಲ್ಟಾ ಕೂತರೆ ಹೊರಗೆ ತೆಗೆಯುವಾಗ ಅದು ಹಾಳಾಗುತ್ತೆ.

ಹೊಸಬ ಬಸವನಗುಡಿ:
ದಿಕ್ಕು ಹೇಗೆ ಗೊತ್ತಾಗುತ್ತೆ?

ಲೇತ್ ಮೇಷ್ಟ್ರು:
ಸಾಮಾನ್ಯವಾಗಿ ಈ ಎಂಜಿನ್‌ಗಳು ಮುಂದಿನಿಂದ, ಅಂದರೆ ಫ್ಲೈವೀಲ್ ಕಡೆಯಿಂದ ನೋಡಿದರೆ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಹಿಂದಿನಿಂದ ನೋಡಿದರೆ ಗಡಿಯಾರದ ದಿಕ್ಕು. ಡ್ರಿಲ್ ಹಿಂದಿನಿಂದ ಹಿಡಿಯೋದು, ಹಾಗಾಗಿ ಡ್ರಿಲ್ ಫಾರ್ವರ್ಡ್‌ನಲ್ಲೇ ಇರಬೇಕು. ಎಂಜಿನ್ ಹತ್ತಿಕೊಂಡು ಡ್ರಿಲ್‌ಗಿಂತ ವೇಗ ಹೋದ ಕೂಡಲೇ ಒನ್ ವೇ ಬಿಟ್ಟುಕೊಳ್ಳುತ್ತೆ. ಒನ್ ವೇ ಇಲ್ಲದೆ ನೇರ ಹೆಕ್ಸ್ ಜೋಡಿಸೋ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ, ಡ್ರಿಲ್ ಕೈ ತಿರುಚುತ್ತೆ.

ಕೆಂಗೇರಿ ಬಗ್ಗಿ:
ಒಳ್ಳೇ ಸುದ್ದಿ. ನಮ್ಮ ಎಂಜಿನ್‌ನ ಪುಲ್ ಸ್ಟಾರ್ಟ್ ಮಾಡೆಲ್‌ನ ಕ್ರ್ಯಾಂಕ್ ಸಿಕ್ಕಿತು. ಹಳೇ ಸ್ಟಾಕ್ ಇಟ್ಟುಕೊಂಡಿದ್ದ ಒಬ್ಬರ ಹತ್ತಿರ. ಮುಂದಿನ ಥ್ರೆಡ್ ಒಂದೇ, ಕಿಟಕಿ ಒಂದೇ ಜಾಗದಲ್ಲಿದೆ, ವ್ಯಾಸ ಒಂದೇ. ಪಿನ್ ರಾಡ್ ದಾಟಿ ಚೆನ್ನಾಗಿ ಹೊರಗೆ ಬರುತ್ತದೆ. ಬ್ಯಾಕ್‌ಪ್ಲೇಟ್ ಮಾತ್ರ ಸಿಗಲಿಲ್ಲ. ಹಳೇ ಯೂನಿಟ್‌ನ ತಟ್ಟೆಯಲ್ಲಿ ಸೀಳು ಉದ್ದಕ್ಕೇ ಇದೆ, ಪಿನ್ ಸರಿಯಾಗಿ ಕೂರುತ್ತದೆ. ಶಾಫ್ಟ್ ಮೇಲೆ ಗೀರು ಇಲ್ಲ. ಹಾಗಾದರೆ ಪ್ಲೇಟ್ ಒಂದನ್ನೇ ಹೊಸದಾಗಿ ಮಾಡಿಸಿದರೆ ಸಾಕಾ?

ಲೇತ್ ಮೇಷ್ಟ್ರು:
ಸಾಕು. 6061 ಅಲ್ಯೂಮಿನಿಯಂ ತುಂಡಿನಲ್ಲಿ ಟರ್ನ್ ಮಾಡಿಸಿ. ಒಳಗೆ ಹೋಗುವ ಭಾಗ ನಿಮ್ಮ ಬಂಪ್ ಪ್ಲೇಟ್‌ನ ವ್ಯಾಸಕ್ಕೆ, ಓ ರಿಂಗ್ ಕೂರೋ ಗ್ರೂವ್ ಕೂಡ ಅದೇ ಆಳಕ್ಕೆ. ಟರ್ನರ್ ಕೈಗೆ ಹಳೇ ಪ್ಲೇಟ್ ಎರಡನ್ನೂ ಕೊಡಿ, ಡ್ರಾಯಿಂಗ್‌ಗಿಂತ ಅದೇ ವಾಸಿ. ಬೇರಿಂಗ್ ತೂತು ಮತ್ತು ಹೊರ ವ್ಯಾಸ ಎರಡನ್ನೂ ಒಂದೇ ಸೆಟ್ಟಿಂಗ್‌ನಲ್ಲಿ ಮಾಡಿ ಅಂತ ಹೇಳಿ. ಚಕ್‌ನಿಂದ ಬಿಚ್ಚಿ ತಿರುಗಿಸಿ ಹಾಕಿದರೆ ಎರಡರ ನಡು ಒಂದಾಗಲ್ಲ, ಶಾಫ್ಟ್ ಓರೆ ಕೂತು ಬುಷ್ ತಿನ್ನುತ್ತೆ.

ಆಳ ಬಹಳ ಮುಖ್ಯ. ತಟ್ಟೆ ತೀರಾ ಒಳಗೆ ಬಂದರೆ ರಾಡ್‌ಗೆ ಉಜ್ಜುತ್ತೆ. ತೀರಾ ಹಿಂದೆ ಉಳಿದರೆ ಪಿನ್ ತುದಿಯಲ್ಲಷ್ಟೇ ಹಿಡಿದು ಜಾರುತ್ತೆ, ರಾಡ್ ಕೂಡ ಹಿಂದಕ್ಕೆ ಸರಿದಾಡುತ್ತೆ. ಇದನ್ನು ಲೆಕ್ಕ ಹಾಕಿ ನಂಬಬೇಡಿ, ಕ್ಲೇ ಇಟ್ಟು ನೋಡಿ. ಮಕ್ಕಳು ಆಡೋ ಕ್ಲೇ ಸಾಕು. ತಟ್ಟೆಯ ಮುಖಕ್ಕೂ ಪ್ಲೇಟ್‌ನ ಅಂಚಿಗೂ ಸ್ವಲ್ಪ ಅಂಟಿಸಿ, ಗ್ಯಾಸ್ಕೆಟ್ ಸಮೇತ ನಾಲ್ಕೂ ಸ್ಕ್ರೂ ಬಿಗಿದು, ಗ್ಲೋ ಪ್ಲಗ್ (ಹೆಡ್‌ನಲ್ಲಿರೋ, ಫ್ಯೂಯಲ್ ಹತ್ತಿಸೋ ಪ್ಲಗ್) ತೆಗೆದು, ಕೈಯಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸಿ ಬಿಚ್ಚಿ. ಕ್ಲೇ ಎಲ್ಲಿ ಎಷ್ಟು ತೆಳುವಾಗಿದೆ ಅಂತ ಅಳೆಯಿರಿ. ಅರ್ಧ ಮಿ.ಮೀ. ಸುತ್ತಮುತ್ತ ಉಳಿದಿದ್ದರೆ ನನಗೆ ಸಮಾಧಾನ. ಪಿಸ್ಟನ್ ಪೂರ್ತಿ ಕೆಳಗಿರುವಾಗ ಸ್ಕರ್ಟ್ ಹತ್ತಿರ ಕೂಡ ನೋಡಿ. ಕೆಲಸ ಆದ ಮೇಲೆ ಕ್ಲೇ ಒಂದು ಚೂರೂ ಒಳಗೆ ಉಳಿಯಬಾರದು.

ಸ್ಕ್ರೂ ಉದ್ದವನ್ನೂ ಮರೆಯಬೇಡಿ. ಹೊಸ ಪ್ಲೇಟ್ ದಪ್ಪ ಇದ್ದರೆ ಉದ್ದ ಸ್ಕ್ರೂ ಬೇಕು. ತೀರಾ ಉದ್ದ ಆದರೆ ತೂತಿನ ತಳಕ್ಕೆ ತಾಗಿ ಬಿಗಿಯಾದ ಹಾಗೆ ಅನಿಸುತ್ತೆ, ಪ್ಲೇಟ್ ಮಾತ್ರ ಸಡಿಲ. ಎದುರುಬದುರು ಮೂಲೆಗಳ ಸ್ಕ್ರೂಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಅಲ್ಯೂಮಿನಿಯಂ ಥ್ರೆಡ್, ಜಾಸ್ತಿ ಜೋರು ಮಾಡಿದರೆ ಕಿತ್ತು ಬರುತ್ತೆ.

ಗ್ಲೋ ಪ್ಲಗ್ 77:
ಫಿಟ್ ಆದ ಮೇಲೆ ಗಾಡಿಗೆ ಹಾಕೋ ಮೊದಲು ಲೀಕ್ ಟೆಸ್ಟ್. ಗ್ಲೋ ಪ್ಲಗ್ ಹಾಕಿ, ಎಕ್ಸಾಸ್ಟ್ ಬಾಯಿ ಮುಚ್ಚಿ, ಕಾರ್ಬ್ ತೆಗೆದು ಆ ತೂತಿಗೆ ಬಿಗಿಯಾದ ಟ್ಯೂಬ್ ಹಾಕಿ. ಪ್ಲೇಟ್ ಸುತ್ತ, ಶಾಫ್ಟ್ ಸುತ್ತ ಸೋಪು ನೀರು ಹಚ್ಚಿ ಬಾಯಲ್ಲಿ ಮೆಲ್ಲಗೆ ಊದಿ. ಮೊದಲು ಕ್ರ್ಯಾಂಕ್ ತಿರುಗಿಸಿ ಅದರ ಕಿಟಕಿ ತೆರೆದಿರೋ ಕಡೆ ನಿಲ್ಲಿಸಿ, ಇಲ್ಲದಿದ್ದರೆ ಗಾಳಿ ಒಳಗೇ ಹೋಗಲ್ಲ. ಟ್ಯೂಬ್ ಮತ್ತು ಎಂಜಿನ್ ಎರಡರಲ್ಲೂ ಫ್ಯೂಯಲ್ ಇರಬಾರದು, ಅದರಲ್ಲಿರೋ ಮೆಥನಾಲ್ ವಿಷ. ಮುಂದಿನ ಬೇರಿಂಗ್ ಹತ್ತಿರ ಸ್ವಲ್ಪ ಗುಳ್ಳೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ಹಿಂದೆ ಬಂದರೆ ಬಿಚ್ಚಿ. ಹೈ ಟೆಂಪ್ ಸಿಲಿಕೋನ್ ತೆಳುವಾಗಿ ಸವರಿದರೆ ಸಾಕು, ದಪ್ಪ ಹಚ್ಚಿದರೆ ಒಳಗೆ ಉದುರುತ್ತೆ.

ನೈಟ್ರೋ ಅಕ್ಕ:
ಇನ್ನು ಡ್ರಿಲ್ ಹಿಡಿಯೋ ವಿಷಯ. ಇದನ್ನು ಯಾರೂ ಹೇಳಲ್ಲ, ಅದಕ್ಕೇ ಹೇಳ್ತಿದ್ದೇನೆ. ಡ್ರಿಲ್‌ನ ಕ್ಲಚ್ ರಿಂಗ್ ಅನ್ನು ಕಡಿಮೆ ನಂಬರ್‌ಗೆ ಇಡಿ. ಎಂಜಿನ್ ತಿರುಗುವಷ್ಟು ಮಾತ್ರ ಬಲ, ಅದಕ್ಕಿಂತ ಜಾಸ್ತಿ ಬೇಡ. ಹಗ್ಗ ಎಳೆಯುವಾಗ ಎಂಜಿನ್ ಫ್ಲಡ್ ಆಗಿದ್ದರೆ, ಅಂದರೆ ಒಳಗೆ ಫ್ಯೂಯಲ್ ತುಂಬಿಕೊಂಡಿದ್ದರೆ, ಕೈಗೆ ಗೊತ್ತಾಗುತ್ತೆ, ಹಗ್ಗ ನಿಂತುಬಿಡುತ್ತೆ. 18 ವೋಲ್ಟ್ ಡ್ರಿಲ್‌ಗೆ ಅದು ಗೊತ್ತಾಗಲ್ಲ. ಪಿಸ್ಟನ್ ಮೇಲೆ ದ್ರವ ತುಂಬಿದ್ದರೂ ಒತ್ತುತ್ತಾ ಹೋಗುತ್ತೆ. ದ್ರವ ಕುಗ್ಗಲ್ಲ, ರಾಡ್ ಬಗ್ಗುತ್ತೆ. ಡ್ರಿಲ್ ತಡೆದ ಹಾಗೆ ಅನಿಸಿದರೆ ನಿಲ್ಲಿಸಿ, ಪ್ಲಗ್ ತೆಗೆದು, ಗಾಡಿ ತಲೆಕೆಳಗು ಮಾಡಿ, ಮುಖ ದೂರ ಇಟ್ಟು ಒಂದೆರಡು ಸಲ ತಿರುಗಿಸಿ ಫ್ಯೂಯಲ್ ಹೊರಗೆ ಹಾಕಿ. ಗ್ಲೋ ಪ್ಲಗ್ ಕಾಯಿಸೋ ಇಗ್ನೈಟರ್ ಆಗ ಹತ್ತಿರದಲ್ಲೂ ಇರಬಾರದು. ಮೆಥನಾಲ್ ಬೆಂಕಿ ಬಿಸಿಲಲ್ಲಿ ಕಣ್ಣಿಗೆ ಕಾಣಲ್ಲ.

ನಿಮ್ಮ ಎಂಜಿನ್ ಪಿಂಚ್ ಗಟ್ಟಿ ಇದೆ ಅಂದ್ರಿ. ಸ್ಲೀವ್ ಮೇಲ್ಗಡೆ ಕಿರಿದಾಗಿರೋದರಿಂದ ತಣ್ಣಗಿದ್ದಾಗ ಪಿಸ್ಟನ್ ಮೇಲೆ ಕಚ್ಚುತ್ತೆ, ಬಿಸಿಯಾದಾಗ ಸರಿಹೋಗುತ್ತೆ. ಮೊದಲು ಹೇರ್ ಡ್ರೈಯರ್‌ನಲ್ಲಿ ಹೆಡ್ ಚೆನ್ನಾಗಿ ಬಿಸಿ ಮಾಡಿ ಆಮೇಲೆ ಡ್ರಿಲ್ ಇಡಿ. ಗ್ರೌಂಡಿನಲ್ಲಿ ಕರೆಂಟ್ ಇಲ್ಲದಿದ್ದರೆ ಫ್ಲಾಸ್ಕ್‌ನಲ್ಲಿ ಬಿಸಿನೀರು ತಗೊಂಡು ಹೋಗಿ, ಬಟ್ಟೆ ಅದ್ದಿ ಹಿಂಡಿ ಹೆಡ್‌ಗೆ ಸುತ್ತಿ. ಕಾರ್ಬ್ ಮೇಲೆ ನೀರು ಬೀಳದಂತೆ ನೋಡ್ಕೊಳ್ಳಿ.

ಕೆಂಗೇರಿ ಬಗ್ಗಿ:
ಫ್ಲಾಸ್ಕ್ ಐಡಿಯಾ ತುಂಬಾ ಇಷ್ಟ ಆಯ್ತು ಅಕ್ಕ.

ಅಪ್‌ಡೇಟ್ ಕೊಡ್ತೀನಿ. ಪ್ಲೇಟ್ ಟರ್ನ್ ಆಗಿ ಬಂತು. ಹೊಸ ಒನ್ ವೇ ಬೇರಿಂಗ್ ಎಸ್.ಜೆ.ಪಿ. ರಸ್ತೆಯಲ್ಲೇ ಸಿಕ್ಕಿತು. ಕ್ಲೇ ಇಟ್ಟು ನೋಡಿದಾಗ ತಟ್ಟೆ ಹತ್ತಿರ ಜಾಗ ಸರಿ ಇತ್ತು, ಆದರೆ ಪಿಸ್ಟನ್ ಸ್ಕರ್ಟ್ ಹತ್ತಿರ ಕ್ಲೇ ಕಾಗದದಷ್ಟು ತೆಳು. ಟರ್ನರ್ ಆ ಕಡೆ ಸ್ವಲ್ಪ ಕೊರೆದು ಕೊಟ್ಟರು, ಈಗ ಆರಾಮಾಗಿದೆ. ಲೀಕ್ ಇಲ್ಲ. ಭಾನುವಾರ ಬೆಳಿಗ್ಗೆ ನಮ್ಮ ಕಡೆಯ ಖಾಲಿ ಲೇಔಟ್‌ನಲ್ಲಿ ಹೆಡ್ ಬಿಸಿ ಮಾಡಿ ಡ್ರಿಲ್ ಇಟ್ಟೆ. ಹತ್ತಿಕೊಂಡಿತು! ಆ ಸದ್ದು ಕೇಳಿ ಎಷ್ಟು ಖುಷಿಯಾಯಿತು ಅಂತ ಹೇಳೋಕಾಗಲ್ಲ. ಮೇಷ್ಟ್ರೇ, ನಿಮಗೆ ತುಂಬಾ ಥ್ಯಾಂಕ್ಸ್.

ಒಂದೇ ಪ್ರಶ್ನೆ. ಎಂಜಿನ್ ಸ್ವಲ್ಪ ರಿಚ್ (ಗಾಳಿಗಿಂತ ಫ್ಯೂಯಲ್ ಪಾಲು ಜಾಸ್ತಿ) ಅನಿಸ್ತಿದೆ, ಹೊಗೆ ಜಾಸ್ತಿ, ವೇಗ ಏರೋದು ನಿಧಾನ. ಗಾಡಿ ಮೊದಲು ಓಡ್ತಿದ್ದಿದ್ದು ಚೆನ್ನೈನಲ್ಲಿ. ಪ್ಲೇಟ್ ಬದಲಿಸಿದ್ದಕ್ಕೆ ಹೀಗಾಯಿತಾ?

ಬಂಪ್ ಬಾಕ್ಸ್:
ಇಲ್ಲ, ಅದು ಊರಿನ ಎತ್ತರ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ಗಾಳಿಯ ಒತ್ತಡ ಚೆನ್ನೈಗಿಂತ ಸುಮಾರು ಶೇಕಡಾ 10 ಕಡಿಮೆ. ಗಾಳಿ ಕಡಿಮೆ, ಫ್ಯೂಯಲ್ ಅಷ್ಟೇ, ಹಾಗಾಗಿ ರಿಚ್. ಹೈ ಸ್ಪೀಡ್ ನೀಡಲ್ ಅನ್ನು ಗಂಟೆಯ ಮುಳ್ಳು ಒಂದು ಗಂಟೆ ಸರಿಯೋವಷ್ಟು ಮಾತ್ರ ಒಳಗೆ ತಿರುಗಿಸಿ, ಒಂದೆರಡು ಸುತ್ತು ಓಡಿಸಿ, ಹೆಡ್ ಟೆಂಪರೇಚರ್ ನೋಡಿ. 100ರಿಂದ 120 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದು, ಹೊಗೆ ತೆಳುವಾಗಿ ಬರ್ತಿದ್ದರೆ ಅಲ್ಲೇ ಬಿಡಿ. ಹೊಗೆ ನಿಂತಿತು ಅಂದರೆ ಲೀನ್ ಆಗಿದೆ, ತಕ್ಷಣ ವಾಪಸ್ ತಿರುಗಿಸಿ.

ಕೆಲಸ ಚೆನ್ನಾಗಿ ಮಾಡಿಸಿದ್ದೀರಿ. ಫೋಟೋ ನೋಡಿದೆ, ಪ್ಲೇಟ್‌ನ ಫಿನಿಶ್ ಕಂಪನಿ ಪ್ಲೇಟ್‌ಗಿಂತ ಚೆನ್ನಾಗಿದೆ. ಬಂಪ್ ಪ್ಲೇಟ್ ಮತ್ತು ಹಳೇ ಕ್ರ್ಯಾಂಕ್ ಎಸೆಯಬೇಡಿ, ಎಣ್ಣೆ ಹಚ್ಚಿ ಇಟ್ಟುಕೊಳ್ಳಿ. ಮುಂದೆ ರೇಸ್‌ಗೆ ಬರೋ ಮನಸ್ಸಾದರೆ ಬೇಕಾಗುತ್ತೆ.

ಹೊಸಬ ಬಸವನಗುಡಿ:
ನನ್ನದು ಪಾಯಿಂಟ್ 18, ಹಗ್ಗದ್ದು. ಹಗ್ಗ ಪದೇ ಪದೇ ಕಿತ್ತು ಹೋಗುತ್ತೆ. ನಾನೂ ಡ್ರಿಲ್‌ಗೆ ಬದಲಿಸಬಹುದಾ, ಕ್ರ್ಯಾಂಕ್ ಬದಲಿಸಬೇಕಾ?

ಲೇತ್ ಮೇಷ್ಟ್ರು:
ನಿಮ್ಮದು ಸುಲಭ. ಪಿನ್ ಆಗಲೇ ಉದ್ದ ಇದೆ, ಕ್ರ್ಯಾಂಕ್ ಮುಟ್ಟೋದು ಬೇಡ. ಅದೇ ಎಂಜಿನ್‌ನ ರೋಟೋ ಪ್ಲೇಟ್ ಸಿಕ್ಕರೆ ಸ್ಕ್ರೂ ಬಿಚ್ಚಿ ಹಾಕಿದರೆ ಮುಗೀತು. ಆದರೆ ಮೊದಲು ಹಗ್ಗ ಯಾಕೆ ಕಿತ್ತು ಹೋಗ್ತಿದೆ ನೋಡಿ. ಪೂರ್ತಿ ಉದ್ದ ಎಳೀತಿದ್ದೀರಾ? 30 ಸೆಂ.ಮೀ. ಒಳಗೆ ಚುಟುಕಾಗಿ ಎಳೀಬೇಕು. ಎಂಜಿನ್ ಫ್ಲಡ್ ಆಗ್ತಿದೆಯಾ? ಹಾಗಿದ್ದರೆ ಡ್ರಿಲ್ ಹಾಕಿದ ಮೇಲೆ ಹಗ್ಗದ ಬದಲು ರಾಡ್ ಹೋಗುತ್ತೆ. ಪ್ಲಗ್ ತೆಗೆದು ಎಳೆದಾಗ ಎಂಜಿನ್ ಸಲೀಸಾಗಿ ತಿರುಗುತ್ತಾ ಅಂತ ನೋಡಿ ಇಲ್ಲಿ ಬರೆಯಿರಿ, ಆಮೇಲೆ ಪ್ಲೇಟ್ ಹುಡುಕೋಣ.